ಜೈಲಿನಿಂದ ಚುನಾವಣೆಗೆ ನಿಲ್ಲಬಹುದು, ಓಟು ಹಾಕುವಂತಿಲ್ಲ

1977ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಸ್ಫೋಟಕ್ಕೆ ಸಂಚು ಮಾಡಿದರೆಂಬ ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಆಗ ಜೈಲಿನಲ್ಲಿದ್ದರು. ಆದರೂ ಗೆಲುವಿನ ಅಂತರ 3 ಲಕ್ಷಕ್ಕೂ ಜಾಸ್ತಿ. 2024ರಲ್ಲಿ ಕಾಶ್ಮೀರದ ಬಾರಾಮುಲ್ಲಾದಲ್ಲಿ ಎಂಜಿನಿಯರ್ ರಶೀದ್ ತಿಹಾರ್ ಜೈಲಿನಿಂದಲೇ ನಿಂತು ಒಮರ್ ಅಬ್ದುಲ್ಲಾ ಅವರನ್ನು ಸೋಲಿಸಿದರು. ಲಕ್ಷಗಟ್ಟಲೆ ಜನ ರಶೀದ್‌ಗೆ ಓಟು ಹಾಕಿದರು. ವಿಚಾರಣಾಧೀನ ಕೈದಿಯಾಗಿದ್ದ ರಶೀದ್‌ಗೆ ಮಾತ್ರ ಓಟು ಹಾಕುವ ಹಕ್ಕಿರಲಿಲ್ಲ.

ವಿಚಿತ್ರ ಅನ್ನಿಸುತ್ತದೆ ಅಲ್ವಾ? ಇದಕ್ಕೆ ಕಾರಣ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಂ. ಜೈಲಿನಲ್ಲಿರುವವರು, ಪೊಲೀಸ್ ಕಸ್ಟಡಿಯಲ್ಲಿರುವವರು ಯಾರೂ ಓಟು ಹಾಕುವಂತಿಲ್ಲ ಎನ್ನುತ್ತದೆ ಅದು. ಶಿಕ್ಷೆ ಆಗಿದೆಯೋ, ಬರೀ ಆರೋಪವೋ ಎಂದು ಅದು ನೋಡುವುದೇ ಇಲ್ಲ. ಕರಿನೀರಿನ ಶಿಕ್ಷೆ ರದ್ದಾಗಿ ದಶಕಗಳೇ ಆದವು, ಈ ಕಲಮಿನಲ್ಲಿ ಮಾತ್ರ ಅದರ ಹೆಸರು ಇನ್ನೂ ಹಾಗೇ ಉಳಿದಿದೆ.

ಕೈದಿಗೆ ಓಟು ಬೇಡ ಎನ್ನುವ ಯೋಚನೆ ಹಳೆಯದು. ಬ್ರಿಟನ್ 1870ರಲ್ಲೇ ಇಂಥ ಕಾನೂನು ಮಾಡಿತ್ತು. ಆದರೆ ಅದು ದೊಡ್ಡ ಅಪರಾಧ ಸಾಬೀತಾಗಿ ಶಿಕ್ಷೆ ಅನುಭವಿಸುವವರಿಗೆ. ಇವತ್ತಿಗೂ ಅಲ್ಲಿ ಶಿಕ್ಷೆಯಾದ ಕೈದಿಗಳಲ್ಲಿ ಹೆಚ್ಚಿನವರಿಗೆ ಓಟಿಲ್ಲ. ಆದರೆ ವಿಚಾರಣೆಗೆ ಕಾಯುತ್ತಿರುವವರಿಗೆ ಇದೆ. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1999ರಲ್ಲಿ ಕೈದಿಗಳ ಪರ ತೀರ್ಪು ಕೊಟ್ಟಿತು. ಕೆನಡಾದ ಸುಪ್ರೀಂ ಕೋರ್ಟ್ 2002ರಲ್ಲಿ ಅದನ್ನೇ ಮಾಡಿತು.

ನಮ್ಮಲ್ಲಿ ಈ ಪ್ರಶ್ನೆಗೆ 1997ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅನುಕೂಲ್ ಚಂದ್ರ ಪ್ರಧಾನ್ ಎಂಬ ವಕೀಲರ ಅರ್ಜಿ. ಕೋರ್ಟ್ ಒಪ್ಪಲಿಲ್ಲ. ಕೈದಿಗಳಿಗೆಲ್ಲ ಓಟು ಕೊಡಬೇಕಾದರೆ ಪೊಲೀಸರು, ಭದ್ರತೆ ಎಲ್ಲ ಜಾಸ್ತಿ ಬೇಕು. ಜೈಲು ಸೇರಿದವನು ತನ್ನ ನಡತೆಯಿಂದಲೇ ಸೇರಿದ್ದಾನೆ, ಹೊರಗಿನವರಷ್ಟು ಸ್ವಾತಂತ್ರ್ಯ ಕೇಳುವಂತಿಲ್ಲ. ಕ್ರಿಮಿನಲ್ ಹಿನ್ನೆಲೆಯವರನ್ನು ಚುನಾವಣೆಯಿಂದ ದೂರ ಇಡಬೇಕು. ಕೋರ್ಟಿನ ವಾದ ಹೀಗಿತ್ತು.

ಕೊನೆಯ ಕಾರಣ ಓದುವಾಗ ನನಗೆ ನಗು ಬರುತ್ತದೆ, ಯಾಕೆಂದರೆ ಮುಂದೆ ಆಗಿದ್ದೇ ಬೇರೆ. 2013ರ ಜುಲೈ 10ರಂದು ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು: ಓಟು ಹಾಕಲಾಗದವನು ಚುನಾವಣೆಗೂ ನಿಲ್ಲುವಂತಿಲ್ಲ. ರಾಜಕಾರಣಿಗಳಿಗೆ ಬಿಸಿ ತಟ್ಟಿತು. ಸಂಸತ್ತು ಕೆಲವೇ ವಾರಗಳಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ತೀರ್ಪು ಬಂದ ದಿನದಿಂದಲೇ ಅನ್ವಯಿಸಿ, ಜೈಲಿನಿಂದ ಸ್ಪರ್ಧಿಸುವ ದಾರಿಯನ್ನು ಮತ್ತೆ ತೆರೆಯಿತು. ಓಟು ಹಾಕುವ ದಾರಿ ತೆರೆಯುವ ನೆನಪು ಯಾರಿಗೂ ಆಗಲಿಲ್ಲ.

ಹಾಗಾದರೆ ಓಟು ಕಳೆದುಕೊಳ್ಳುವವರು ಯಾರು? 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ಅದರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನೂರಕ್ಕೆ 75ಕ್ಕೂ ಹೆಚ್ಚು ಜನರ ಮೇಲಿನ ಆರೋಪ ಸಾಬೀತೇ ಆಗಿಲ್ಲ. ಇವರಲ್ಲಿ ಎಷ್ಟೋ ಮಂದಿಗೆ ಜಾಮೀನು ಸಿಕ್ಕಿದರೂ ಶ್ಯೂರಿಟಿ ಕೊಡುವವರು ಸಿಗುವುದಿಲ್ಲ. ನಮ್ಮ ಕಡೆ ಶ್ಯೂರಿಟಿ ಎಂದರೆ ಪಹಣಿ ಹಿಡಿದು ಕೋರ್ಟಿಗೆ ಬರುವ ಜಮೀನಿರುವ ಮನುಷ್ಯ. ಕೂಲಿಗೆಂದು ಊರು ಬಿಟ್ಟು ಬಂದವನಿಗೆ ಅಂಥವರ ಪರಿಚಯ ಎಲ್ಲಿರುತ್ತದೆ? ಅತ್ತ ಕೊಲೆ ಸಾಬೀತಾಗಿ ಜೀವಾವಧಿ ಶಿಕ್ಷೆ ಆಗಿದ್ದರೂ, ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗಿರುವವನು ಮತದಾನದ ದಿನ ಬೆರಳಿಗೆ ಶಾಯಿ ಹಾಕಿಸಿಕೊಂಡು ಬರಬಹುದು. ಅಪರಾಧಕ್ಕಿಂತ ಜಾಮೀನಿನ ತಾಕತ್ತೇ ಇಲ್ಲಿ ಓಟನ್ನು ನಿರ್ಧರಿಸುತ್ತಿದೆ.

ಪೊಲೀಸರು ಸಾಲುವುದಿಲ್ಲ ಎನ್ನುವ ವಾದವೂ ಗಟ್ಟಿಯಿಲ್ಲ. 62(5)ರಲ್ಲೇ ಒಂದು ವಿನಾಯಿತಿ ಇದೆ: ಮುಂದೆ ಅಪರಾಧ ಮಾಡಬಹುದು ಎಂದು ಮುನ್ನೆಚ್ಚರಿಕೆಯಾಗಿ ಬಂಧನದಲ್ಲಿಟ್ಟವರು ಓಟು ಹಾಕಬಹುದು. ಅವರಿಗೆ ಅಂಚೆ ಮತಪತ್ರದ ವ್ಯವಸ್ಥೆ ಇದೆ. ಅಂದರೆ ಕರ್ನಾಟಕದ ಜೈಲಿನಲ್ಲಿ ಗೂಂಡಾ ಕಾಯ್ದೆಯಡಿ ಮುನ್ನೆಚ್ಚರಿಕೆಯ ಬಂಧನದಲ್ಲಿ ಇರುವವನಿಗೆ ಓಟುಂಟು. ಪಕ್ಕದ ಸೆಲ್ಲಿನಲ್ಲಿ ಮೊಬೈಲ್ ಕದ್ದ ಆರೋಪದ ಮೇಲೆ ವಿಚಾರಣೆಗೆ ಕಾಯುತ್ತಿರುವ ಹುಡುಗನಿಗಿಲ್ಲ. ಒಬ್ಬನಿಗೆ ಬರುವ ಅಂಚೆ ಲಕೋಟೆ ಇನ್ನೊಬ್ಬನಿಗೂ ಬಂದರೆ ಎಷ್ಟು ಪೊಲೀಸರು ಹೆಚ್ಚಿಗೆ ಬೇಕಾದೀತು?