ತೊಗರಿ ಕಾಯಿ ಬಿಡಿಸುತ್ತಾ ಕಲಿಯುವುದು: ಅಂಗನವಾಡಿ ಊಟದ ಬಗ್ಗೆ ನನ್ನ ಟಿಪ್ಪಣಿ

ಶಾಲಾಪೂರ್ವ ಶಿಕ್ಷಣ ಓದುವಾಗ ಆಹಾರದ ಪಾಠ ಬಂದರೆ ನಾವೆಲ್ಲ ಏನು ಮಾಡುತ್ತೇವೆ? ಪ್ರೋಟೀನ್, ವಿಟಮಿನ್, ಖನಿಜ ಅಂತ ಪಟ್ಟಿ ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಕಲಬುರಗಿ ಹತ್ತಿರದ ಒಂದು ಹಳ್ಳಿಯ ಅಂಗನವಾಡಿಗೆ ಅಭ್ಯಾಸಕ್ಕೆ ಹೋದ ಮೇಲೆ ನನಗೆ ಆ ಪಟ್ಟಿ ಬೇರೆ ಥರ ಕಾಣಿಸತೊಡಗಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೋಡೆ ಮೇಲೆ ಹಣ್ಣಿನ ಚಾರ್ಟ್ ಇತ್ತು. ಸೇಬು, ಸ್ಟ್ರಾಬೆರಿ, ಕಿವಿ. ಮಕ್ಕಳು ಹೆಸರು ಒಪ್ಪಿಸುತ್ತಿದ್ದರು, ಆದರೆ ಅದರಲ್ಲಿ ಎರಡನ್ನು ಯಾರೂ ಬಾಯಿಗೆ ಹಾಕಿ ನೋಡಿರಲಿಲ್ಲ. ಹೊರಗೆ ನೋಡಿದರೆ ತೊಗರಿ ಕಾಯಿ ಬಿಟ್ಟು ತೂಗುತ್ತಿತ್ತು. ಮರುದಿನ ಒಂದು ಬುಟ್ಟಿ ಹಸಿ ತೊಗರಿ ಕಾಯಿ ತಂದು ಚಾಪೆ ಮೇಲೆ ಸುರಿದೆವು. ನಾಲ್ಕು ವರ್ಷದ ಒಬ್ಬಳು ಹೆಬ್ಬೆರಳ ಉಗುರಿನಿಂದ ಕಾಯಿ ಸೀಳಿ, ಕಾಳು ಒಂದೊಂದೇ ಅಂಗೈಗೆ ಉದುರಿಸಿಕೊಂಡು, ಬೆರಳಿಟ್ಟು ಎಣಿಸಿ, "ಟೀಚರ್, ಇದ್ರಾಗ ನಾಕು ಅದಾವು, ಒಂದ್ರಾಗ ಹುಳ ಅದ" ಅಂದಳು. ಎಣಿಕೆ ಬಂತು, ಬೆರಳ ಹಿಡಿತ ಬಂತು, ಮಾತು ಬಂತು, ಹುಳ ಯಾಕೆ ಬರುತ್ತದೆ ಅನ್ನುವ ವಿಜ್ಞಾನವೂ ಬಂತು. ಆಮೇಲೆ ಅದೇ ಕಾಯಿಗೆ ಉಪ್ಪು ಹಾಕಿ ಕುದಿಸಿದೆವು, ಬಿಡಿಸಿದ ಕೈಯಿಂದಲೇ ತಿಂದರು.

ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ 'ಪೋಷಣ್ ಭಿ ಪಢಾಯಿ ಭಿ' ಕಾರ್ಯಕ್ರಮದ ಹೆಸರೇ ಇದನ್ನು ಹೇಳುತ್ತದೆ, ಪೋಷಣೆಯೂ ಆಗಬೇಕು, ಓದೂ ಆಗಬೇಕು. ಪರೀಕ್ಷೆಗೆ ಇನ್ನೊಂದು ನೆನಪಿರಲಿ: ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು.

ಈಗ ಲೆಕ್ಕ. ಆಹಾರ ಭದ್ರತಾ ಕಾಯ್ದೆ 2013ರ ಮೂಲ ಪಟ್ಟಿಯ ಪ್ರಕಾರ 3ರಿಂದ 6 ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕಿತ್ತು; 2023ರಲ್ಲಿ ಆ ಪಟ್ಟಿ ಬದಲಾಯಿತು, ಲೆಕ್ಕ ಕಲಿಯಲು ಇಲ್ಲಿ ಹಳೆಯ ಅಂಕಿಯನ್ನೇ ಇಟ್ಟುಕೊಂಡಿದ್ದೇನೆ. ಸುಮ್ನೆ ಅಂಕಿ ಬರೆದುಕೊಂಡರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ, ತಟ್ಟೆಗೆ ಇಳಿಸಿ ನೋಡಿ. 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 5 ಗ್ರಾಂ ಪ್ರೋಟೀನ್. 30 ಗ್ರಾಂ ತೊಗರಿ ಬ್ಯಾಳಿಯಲ್ಲಿ ಆರೂವರೆ ಗ್ರಾಂ. ಅಲ್ಲಿಗೆ ಪ್ರೋಟೀನ್ ಹೆಚ್ಚುಕಡಿಮೆ ಮುಟ್ಟಿತು. ಆದರೆ ಕ್ಯಾಲೊರಿ? ಎರಡೂ ಸೇರಿ 270ರ ಆಸುಪಾಸು, ಅಷ್ಟೇ. ಸಣ್ಣ ಮಗುವಿನ ಹೊಟ್ಟೆಯೂ ಸಣ್ಣದು, ಇನ್ನೊಂದು ರೊಟ್ಟಿ ಹಿಡಿಸುವುದಿಲ್ಲ. ಅದಕ್ಕೇ ಎರಡು ಚಮಚ ಎಣ್ಣೆ, ಒಂದಿಷ್ಟು ಶೇಂಗಾ ಹಿಂಡಿ (ಅಂದರೆ ಶೇಂಗಾ ಚಟ್ನಿಪುಡಿ), ಹಾಲು. ರೊಟ್ಟಿ ಮೇಲೆ ಎಣ್ಣೆ ಹಾಕಿ ಹಿಂಡಿ ಸವರಿ ಮಕ್ಕಳಿಗೆ ಕೊಡುವ ನಮ್ಮ ಅಜ್ಜಿಯರ ರೂಢಿ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ರೊಟ್ಟಿ ಜೊತೆ ಬ್ಯಾಳಿಯೇ ಯಾಕೆ ಅನ್ನುವುದೂ ಮುಖ್ಯ. ಪ್ರೋಟೀನ್ ಅನೇಕ ಅಮೈನೊ ಆಮ್ಲಗಳು ಸೇರಿ ಆಗುತ್ತದೆ, ಲೈಸಿನ್, ಮೆಥಿಯೊನಿನ್ ಅಂಥವು. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಕಡಿಮೆ. ತೊಗರಿಯಲ್ಲಿ ಲೈಸಿನ್ ಜಾಸ್ತಿ, ಮೆಥಿಯೊನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೇಳೆ ನಮ್ಮ ಜಿಲ್ಲೆಯದು, ಅದು ನಮ್ಮ ಮಕ್ಕಳ ತಟ್ಟೆಯಲ್ಲಿ ತೆಳ್ಳಗಿನ ಸಾರಾಗಿ ಮಾತ್ರ ಬಂದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಗಟ್ಟಿ ಬ್ಯಾಳಿ ಬೇಕು.

ಕಬ್ಬಿಣದ ವಿಷಯಕ್ಕೆ ಬಂದರೆ ಸಜ್ಜೆ ಮುಂದಿದೆ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ 4, ಪಾಲಿಶ್ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಆದರೆ ಕಾಳಿನಲ್ಲಿದ್ದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಧಾನ್ಯದಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟಕ್ಕೆ ನಿಂಬೆಹಣ್ಣು ಹಿಂಡಿದರೆ ಸಹಾಯ, ಊಟದ ಜೊತೆ ಚಾ ಕುಡಿಸಿದರೆ ತೊಂದರೆ. ಬೆಳಗ್ಗೆ ಮಕ್ಕಳಿಗೂ ತಿಂಡಿ ಚಾದಲ್ಲಿ ಅದ್ದಿ ಕೊಡುವ ರೂಢಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ ಅಲ್ವಾ, ತಾಯಂದಿರ ಸಭೆಯಲ್ಲಿ ಇದೊಂದು ಮಾತು ತಪ್ಪದೆ ಹೇಳಬೇಕು.

ಫೈಟೇಟ್ ಇಳಿಸಲು ಇನ್ನೊಂದು ದಾರಿ ಮೊಳಕೆ. ಸಹಾಯಕಿ ಮಡಕಿ ಕಾಳು ರಾತ್ರಿ ನೆನೆಹಾಕಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿ ತೂಗು ಹಾಕಿದರು. ಮಕ್ಕಳು ಬಂದು ಬಂದು ಮುಟ್ಟಿ ನೋಡಿದರು, ಮೂಸಿದರು. ಮರುದಿನ ಗಂಟು ಬಿಚ್ಚಿದಾಗ "ಬಾಲ ಬಂದದ!" ಅಂತ ಒಂದೇ ಗದ್ದಲ. ಮೊಳಕೆಯನ್ನು ಹಸಿಯಾಗಿ ಕೊಡಬೇಡಿ, ಚೆನ್ನಾಗಿ ಬೇಯಿಸಿ. ಬೆಚ್ಚಗಿನ ತೇವದಲ್ಲಿ ಮೊಳಕೆ ಬೆಳೆದ ಹಾಗೆ ರೋಗಾಣುವೂ ಬೆಳೆಯುತ್ತದೆ.

ಸುರಕ್ಷತೆಯ ಮಾತು ಇಲ್ಲೇ ಬರೆದುಬಿಡುತ್ತೇನೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಹುರಿಗಡಲೆ ಕೊಡಬಾರದು, ಗಂಟಲಿಗೆ ಸಿಕ್ಕರೆ ಉಸಿರು ಕಟ್ಟುತ್ತದೆ. ಪುಡಿ ಮಾಡಿ ಹಿಂಡಿಯಾಗಿ ಕೊಡಿ. ಬೂಸ್ಟು ಹಿಡಿದ ಶೇಂಗಾ ಎಸೆಯಿರಿ, ಹುರಿದರೂ ಅದರ ವಿಷ ಪೂರ್ತಿ ಹೋಗುವುದಿಲ್ಲ. ಕಾಳು ವಿಂಗಡಿಸುವ ಆಟ ಆಡಿಸುವಾಗ ಮೂರು ವರ್ಷದವರ ಪಕ್ಕದಲ್ಲೇ ಕೂತಿರಿ, ಕಾಳು ಮೂಗಿಗೆ ಹೋಗಲು ಒಂದು ಕ್ಷಣ ಸಾಕು.

'ಸ್ಥಳೀಯ' ಅನ್ನುವುದು ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗೆ ಒಂದೇ ಅಲ್ಲ. ಯಾದಗಿರಿಯ ಶಹಾಪುರ, ಸುರಪುರ ಕಡೆ ಕಾಲುವೆ ನೀರಿದೆ, ಅಲ್ಲಿನ ಮಗು ಭತ್ತದ ಗದ್ದೆ ನೋಡಿ ಬೆಳೆಯುತ್ತದೆ. ಬೀದರ್ ಕಡೆ ಹೆಸರು, ಉದ್ದು, ಸೋಯಾ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುತ್ತಾರೆ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಸೇರಿಸಿ ಕುದಿಸಿದ ಆ ಭಜ್ಜಿಗಿಂತ ಒಳ್ಳೆಯ ಋತುಮಾನದ ಪಾಠ ನನಗೆ ಗೊತ್ತಿಲ್ಲ. ಅಂಗನವಾಡಿಯ ರೇಷನ್ ಅಂತೂ ಇಲಾಖೆಯಿಂದಲೇ ಬರುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಆದರೆ ಪುಂಡಿ ಸೊಪ್ಪು, ನುಗ್ಗೆ, ಕರಿಬೇವು ಅಂಗಳದಲ್ಲೇ ಕೈತೊಳೆದ ನೀರಿಗೇ ಬೆಳೆಯುತ್ತವೆ.

ಕೊನೆಯದಾಗಿ, ಬೇಡ ಅನ್ನುವ ಮಗು. ಹೊಸ ರುಚಿ ಒಪ್ಪಲು ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗುತ್ತದೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಅನ್ನುವುದು ನಮ್ಮದು, ಎಷ್ಟು ತಿನ್ನಬೇಕು ಅನ್ನುವುದು ಮಗುವಿನದು. ಗದರಿಸಿ ತುರುಕಿದರೆ ಪಲ್ಯದ ಮೇಲೆ ಸಿಟ್ಟು ಉಳಿಯುತ್ತದೆ, ಅಷ್ಟೇ. ಅದಕ್ಕೇ ನಿಮ್ಮ ವೀಕ್ಷಣಾ ಪುಸ್ತಕದಲ್ಲಿ 'ಊಟ ಮಾಡಿದಳು', 'ಮಾಡಲಿಲ್ಲ' ಅಂತ ಬರೆಯಬೇಡಿ. ನಾನು ಬರೆದದ್ದು ಹೀಗಿದೆ: ಸೋಮವಾರ, ಪುಂಡಿ ಪಲ್ಯ ತಟ್ಟೆಯ ಅಂಚಿಗೆ ಸರಿಸಿದಳು. ಗುರುವಾರ, ಮೂಸಿ ನೋಡಿ ಮುಖ ಕಿವಿಚಿದಳು. ಮುಂದಿನ ಸೋಮವಾರ, ಗಿಡದಿಂದ ಎಲೆ ತಾನೇ ಕಿತ್ತು ತಂದಳು, ರೊಟ್ಟಿ ಚೂರಿಗೆ ಚೂರೇ ಚೂರು ಹಚ್ಚಿ ನೆಕ್ಕಿದಳು, "ಹುಳಿ ಅದ" ಅಂದಳು, ಮತ್ತೆ ನೆಕ್ಕಿದಳು.