ನಿಲುವಂಗಿ ಮಡಚಿಟ್ಟ ಮೇಲೆ ಪಾಸ್ಟರ್ ಏನು ಮಾಡಬೇಕು?

ಪ್ರಶ್ನೆ: ಮೂವತ್ತು ವರ್ಷ ಪಾಸ್ಟರ್ ಆಗಿ ಸಭೆ (ಚರ್ಚು) ನಡೆಸಿ ಈಚೆಗೆ ನಿವೃತ್ತನಾದೆ. ಈಗ ಯಾರೂ ಕರೆಯುವುದಿಲ್ಲ. ದೇವರ ಸೇವೆಗೆ ನಿವೃತ್ತಿಯೇ ಇಲ್ಲ ಅಂತಾರಲ್ಲ, ಹಾಗಾದರೆ ನಾನೀಗ ಯಾರು?

ಉತ್ತರ: ಈ ಪ್ರಶ್ನೆ ಈ ಸಲ ಮಾಲೂರಿನಿಂದ ಬಂದಿದೆ. ಹೋದ ಸಲ ಮುಳಬಾಗಿಲು, ಅದಕ್ಕೂ ಮೊದಲು ಕೆಜಿಎಫ್. ಊರು ಬೇರೆ, ಸಂಕಟ ಅದೇ. ಹಾಗಾಗಿ ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಿಮಗೆ ತೊಂದರೆ ಕೊಡುತ್ತಿರುವುದು ಆ ಮಾತೇ. "ಸೇವೆಗೆ ನಿವೃತ್ತಿ ಇಲ್ಲ ಅಯ್ಯನವರೇ!" ಬೀಳ್ಕೊಡುಗೆಯಲ್ಲಿ ಶಾಲು ಹೊದಿಸುತ್ತಾ ಎಲ್ಲರೂ ಇದನ್ನೇ ಹೇಳುತ್ತಾರೆ. ಹೇಳಿದವರು ಬಿರಿಯಾನಿ ತಿಂದು ಮನೆಗೆ ಹೋಗುತ್ತಾರೆ. ಕೇಳಿದವರು ಅದನ್ನು ನಂಬಿ, ಮುಂದಿನ ಭಾನುವಾರ ಹಳೇ ಸಭೆಯ ಮೊದಲ ಬೆಂಚಿನಲ್ಲಿ ಕೂತು, ಹೊಸ ಪಾಸ್ಟರ್ ಎಲ್ಲಿ ತಪ್ಪುತ್ತಾರೆ ಅಂತ ಕಾಯುತ್ತಾರೆ.

ಬೈಬಲ್ಲಿನಲ್ಲಿ ನಿವೃತ್ತಿ ಎಲ್ಲಿದೆ, ತೋರಿಸಿ ಅಂತಾರೆ. ತೋರಿಸೋಣ. ಅರಣ್ಯಕಾಂಡ 8ನೇ ಅಧ್ಯಾಯ, 24ರಿಂದ 26ನೇ ವಚನ. (ರಾಮಾಯಣದ್ದಲ್ಲ, ಮೋಶೆಯದು.) ಲೇವಿಯರು, ಅಂದರೆ ದೇವರ ಸೇವೆಗೇ ಮೀಸಲಾದ ಇಸ್ರಾಯೇಲರ ಕುಲದವರು, 25ನೇ ವಯಸ್ಸಿಗೆ ಗುಡಾರದ (ಡೇರೆಯಂಥ ದೇವಾಲಯದ) ಕೆಲಸಕ್ಕೆ ಸೇರಬೇಕು, 50ಕ್ಕೆ ಬಿಡಬೇಕು. ಅರವತ್ತಲ್ಲ, ಅರವತ್ತೈದಲ್ಲ, ಐವತ್ತು! ನನಗೆ ಕಾಣುವ ಕಾರಣ ಹಿಂದಿನ ಅಧ್ಯಾಯದಲ್ಲೇ ಇದೆ. ಗುಡಾರ ಸಾಗಿಸಲು ಲೇವಿಯರ ಮೂರು ಗೋತ್ರಗಳಲ್ಲಿ ಗೇರ್ಷೋನ್ಯರಿಗೆ ಎರಡು ಬಂಡಿ, ನಾಲ್ಕು ಎತ್ತು. ಮೆರಾರೀಯರಿಗೆ ನಾಲ್ಕು ಬಂಡಿ, ಎಂಟು ಎತ್ತು. ಕೆಹಾತ್ಯರಿಗೆ ಒಂದೂ ಇಲ್ಲ. ಅವರದು ಪವಿತ್ರ ಸಾಮಾನು, ಹೆಗಲ ಮೇಲೇ ಹೊರಬೇಕು. ಮರಳುಗಾಡಿನ ಬಿಸಿಲಲ್ಲಿ ಇಪ್ಪತ್ತೈದು ವರ್ಷ ಹೊತ್ತ ಹೆಗಲು ಏನಾಗಿರುತ್ತೆ, ನೀವೇ ಯೋಚಿಸಿ. ಇನ್ನು 26ನೇ ವಚನವನ್ನು ಯಾರೂ ಓದುವುದೇ ಇಲ್ಲ. ಕೆಲಸ ಬಿಟ್ಟವರು ತಮ್ಮ ಸಹೋದರರಿಗೆ ಕಾವಲಿನಲ್ಲಿ ನೆರವಾಗಬಹುದು, ಹೊರೆಗೆಲಸ ಮಾತ್ರ ಮಾಡಬಾರದು. ಹೆಗಲು ಬೇಡ, ಕಣ್ಣಿದ್ದರೆ ಸಾಕು ಅಂತ ತಾನೇ ಅದರ ಅರ್ಥ?

ಪೌಲ ನಿವೃತ್ತನಾದನಾ ಅಂತ ಕೂಡಲೇ ಮರುಪ್ರಶ್ನೆ ಬರುತ್ತೆ. ನನ್ನ ಓಟ ಮುಗಿಯಿತು ಅಂತ ತನ್ನ ಶಿಷ್ಯ ತಿಮೊಥೆಯನಿಗೆ ಬರೆದವನು ಮತ್ಯಾರು? ಮೋಶೆ ಎಲ್ಲರ ಎದುರಿಗೇ ತನ್ನ ನಂತರದ ನಾಯಕ ಯೆಹೋಶುವನ ಮೇಲೆ ಕೈಯಿಟ್ಟು ಅಧಿಕಾರ ಕೊಟ್ಟ. ಕಥೊಲಿಕರಲ್ಲಿ ಇನ್ನೂ ಸ್ಪಷ್ಟ. ವಿಚಾರಣಾ ಗುರುಗಳಿಗೆ (ಒಂದು ಚರ್ಚಿನ ಹೊಣೆ ಹೊತ್ತ ಪಾದ್ರಿಗೆ) 75 ತುಂಬಿದರೆ ರಾಜೀನಾಮೆ ಕೊಡಿ ಅಂತ ಅವರ ಕಾನೂನೇ ಹೇಳುತ್ತದೆ. ಕೊಟ್ಟರೂ ಗುರುದೀಕ್ಷೆ ಹೋಗಲ್ಲ. ಪೋಪ್ 16ನೇ ಬೆನೆಡಿಕ್ಟ್ 2013ರ ಫೆಬ್ರವರಿ 28ಕ್ಕೆ ಪೀಠ ಬಿಟ್ಟರು, ಆಮೇಲೆ ಹತ್ತಿರಹತ್ತಿರ ಹತ್ತು ವರ್ಷ ಬದುಕಿದ್ದರು. ಪೋಪ್ ಬಿಡಬಹುದಂತೆ, ಮಾಲೂರಿನ ಪಾಸ್ಟರ್ ಬಿಡಬಾರದಂತೆ!

ಕೆಜಿಎಫ್‌ನವರಿಗೆ ಆ ತಾರೀಖು ಬೇರೆ ಕಾರಣಕ್ಕೆ ನೆನಪು. ಗಣಿ ಮುಚ್ಚಿದ್ದೂ ಫೆಬ್ರವರಿ 28ಕ್ಕೇ, 2001ರಲ್ಲಿ. ಗಣಿಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಹೇಳಿದ್ದರು, ಮುಚ್ಚಿ ಎಷ್ಟು ವರ್ಷವಾದರೂ ಶಿಫ್ಟ್ ಹೊತ್ತಿಗೆ ಎಚ್ಚರವಾಗುತ್ತೆ ಅಂತ. ನಂದೂ ಅದೇ ಕಥೆ. ನಿವೃತ್ತಿಯಾದ ಮೊದಲ ಭಾನುವಾರ ಹಿಂದಿನ ಸಾಲಲ್ಲಿ ಕೂತಿದ್ದೆ. ಕೊನೆಯ ಆಶೀರ್ವಾದಕ್ಕೆ ಎಲ್ಲರೂ ತಲೆ ಬಗ್ಗಿಸಿದರು, ನನ್ನ ಬಲಗೈ ತಾನಾಗಿ ಮೇಲೆದ್ದಿತು. ಪಕ್ಕದ ಹುಡುಗ ಪಿಸುಗುಟ್ಟಿದ: "ತಾತ, ಒಂದಕ್ಕೆ ಹೋಗಬೇಕಾ?"

ಈಗ ಏನು ಮಾಡೋದು ಅಂದಿರಲ್ಲ. ಹಳೇ ಸಭೆಯಿಂದ ಒಂದು ವರ್ಷ ದೂರ ಇರಿ. ಮದುವೆ ಮಾಡಿಸಿ ಅಂತ ಕರೆದರೆ ಈಗಿನ ಪಾಸ್ಟರನ್ನು ಕೇಳಿಯೇ ಹೋಗಿ. ನಾನು ವಾರಕ್ಕೆ ಎರಡು ದಿನ ಕೋಲಾರದ ಇಟಿಸಿಎಂ ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರ ಜೊತೆ ಸುಮ್ನೆ ಕೂರುತ್ತೇನೆ. ಮಾತು ಟೊಮೆಟೊ ರೇಟಿನಿಂದ ಶುರುವಾಗುತ್ತೆ. ನಡುವೆ ಎಲ್ಲೋ ತೆಲುಗಿಗೆ ಹೊರಳಿ, ಮಗನ ಕುಡಿತಕ್ಕೆ ಬಂದು ನಿಲ್ಲುತ್ತೆ. ನಾನು ಪಾಸ್ಟರ್ ಆಗಿದ್ದೆ ಅಂತ ಅವರಿಗೆ ಗೊತ್ತಿಲ್ಲ. ಇಷ್ಟು ವರ್ಷ ಬರೀ ಮಾತಾಡಿದವನಿಗೆ ಕೇಳಿಸಿಕೊಳ್ಳುವುದೂ ಬರುತ್ತೆ ಅಂತ ನನಗೂ ಗೊತ್ತಿರಲಿಲ್ಲ.

ನೀವು ಕೇಳದ ಪ್ರಶ್ನೆಯೊಂದಿದೆ. ನಿಮ್ಮ ಮನೆಯವರು ಏನು ಮಾಡುತ್ತಿದ್ದಾರೆ? ಪಾಸ್ಟರಮ್ಮನೂ ಅವತ್ತೇ ನಿವೃತ್ತರಾದರು, ಅಲ್ವಾ? ಸಂಡೇ ಸ್ಕೂಲು, ಸ್ತ್ರೀಯರ ಕೂಟ, ಹೊತ್ತಲ್ಲದ ಹೊತ್ತಲ್ಲಿ ಬಂದವರಿಗೆಲ್ಲ ಕಾಫಿ. ಸಂಬಳ ಇರಲಿಲ್ಲ, ಶಾಲೂ ಬರಲಿಲ್ಲ. ಸಭೆಯ ಮನೆ ಖಾಲಿ ಮಾಡುವ ದಿನ ನನ್ನ ಹೆಂಡತಿ ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಜಾಸ್ತಿ ಹೊತ್ತು ನಿಂತಿದ್ದಳು. ಏಳನೇ ಮನೆ, ಏಳನೇ ಗಿಡ. ಒಂದೂ ಕಡೆ ಗಿಡ ಮರವಾಗುವವರೆಗೆ ಇರಲಿಲ್ಲ. ಈಗಿನ ಬಾಡಿಗೆ ಮನೆಯಲ್ಲಿ ಮಣ್ಣೇ ಇಲ್ಲ, ಪೇಂಟ್ ಡಬ್ಬದಲ್ಲಿ ಎಂಟನೆಯದನ್ನು ಇಟ್ಟಿದ್ದಾಳೆ. ನೀರು ಹಾಕುವ ಕೆಲಸ ನನ್ನದು. ನಿನ್ನೆ ಮರೆತು ಬೈಸಿಕೊಂಡೆ.