ಸಂಜೆ ಆರರಿಂದ ಹತ್ತರವರೆಗೆ ಕರೆಂಟ್ ಎಲ್ಲಿಂದ?

ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ರಾಯಚೂರಿನಲ್ಲಿ ನಾಯಿ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ಆ ಹೊತ್ತಿಗೆ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಥರ್ಮಲ್‌ನ ಕಂಟ್ರೋಲ್ ರೂಮಿನ ಫೋನ್ ರಿಂಗಾಗುತ್ತದೆ. "ಲೋಡ್ ಇಳಿಸಿ." 210 ಮೆಗಾವ್ಯಾಟ್‌ನಲ್ಲಿ ಓಡುತ್ತಿದ್ದ ಯೂನಿಟ್ಟನ್ನು (ಬಾಯ್ಲರ್, ಟರ್ಬೈನ್ ಸೇರಿದ ಒಂದು ಘಟಕ) 120ಕ್ಕೆ ತರಬೇಕು, ಯಾಕಂದ್ರೆ ಪಾವಗಡದ ಸೋಲಾರ್ ಪಾರ್ಕಿನಿಂದ ಹಿಡಿದು ರಾಜ್ಯದ ಎಲ್ಲಾ ಕಡೆಯಿಂದ ಸೋಲಾರ್ ಕರೆಂಟ್ ಒಟ್ಟಿಗೆ ನುಗ್ಗಿ ಬರುತ್ತಿದೆ. ಸಂಜೆ ಐದೂವರೆಗೆ ಅದೇ ಫೋನ್ ಮತ್ತೆ. "ಏರಿಸಿ, ಬೇಗ ಏರಿಸಿ."

ನಾನು ಹತ್ತೊಂಬತ್ತು ವರ್ಷ ಥರ್ಮಲ್‌ನಲ್ಲಿ ಶಿಫ್ಟ್ ಮಾಡಿದವನು. ಈಗ ಎನರ್ಜಿ ಆಡಿಟರ್ ಆಗಿ ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ರೈಸ್ ಮಿಲ್‌, ಜಿನ್ನಿಂಗ್ ಫ್ಯಾಕ್ಟರಿಗಳ ಕರೆಂಟ್ ಲೆಕ್ಕ ನೋಡುತ್ತೇನೆ. ಎರಡೂ ಕಡೆ ನಿಂತು ನೋಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ಶುದ್ಧ ಕರೆಂಟ್ ತಯಾರಿಸುವುದು ಈಗ ದೊಡ್ಡ ಕಷ್ಟವಲ್ಲ. ಅದು ಬರುವ ಹೊತ್ತು ಒಂದು, ನಮಗೆ ಬೇಕಾಗುವ ಹೊತ್ತು ಇನ್ನೊಂದು. ಕಷ್ಟ ಇರುವುದು ಅಲ್ಲಿ.

ಸ್ವಲ್ಪ ಲೆಕ್ಕ ಹಾಕೋಣ. ರಾಯಚೂರು ಹತ್ತಿರದ ಶಕ್ತಿನಗರದ ಥರ್ಮಲ್ 1985ರಲ್ಲಿ ಶುರುವಾಯಿತು. ಇವತ್ತು ಅಲ್ಲಿ ಎಂಟು ಯೂನಿಟ್, ಒಟ್ಟು 1720 ಮೆಗಾವ್ಯಾಟ್. ಯರಮರಸ್‌ನಲ್ಲಿ 1600, ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ 1700. ಒಂದು 210ರ ಯೂನಿಟ್ ದಿನವಿಡೀ ಪೂರ್ತಿ ಓಡಿದರೆ ಹೆಚ್ಚುಕಡಿಮೆ ಮೂರೂವರೆ ಸಾವಿರ ಟನ್ ಕಲ್ಲಿದ್ದಲು ನುಂಗುತ್ತದೆ. ಅಂದ್ರೆ ಒಂದು ಯೂನಿಟ್‌ಗೆ ದಿನಕ್ಕೆ ಒಂದು ಗೂಡ್ಸ್ ರೈಲು. ನಮ್ಮ ದೇಶದ ಕಲ್ಲಿದ್ದಲಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಬೂದಿಯೇ. ರೈಲಿನಲ್ಲಿ ಬಂದದ್ದರಲ್ಲಿ ಸಾವಿರ ಟನ್‌ಗಿಂತ ಹೆಚ್ಚು ಬೂದಿಯಾಗಿ ಇಲ್ಲೇ ಉಳಿಯುತ್ತದೆ. ಸಿಮೆಂಟಿಗೆ, ಇಟ್ಟಿಗೆಗೆ ಒಂದಷ್ಟು ಹೋಗುತ್ತದೆ, ಉಳಿದದ್ದು ಹೊಂಡಕ್ಕೆ. ಬೇಸಿಗೆ ಗಾಳಿ ಎದ್ದ ದಿನ ಬೂದಿ ಹೊಂಡದ ಹತ್ತಿರದ ಊರಿನಲ್ಲಿ ಒಗೆದು ಹಾಕಿದ ಬಿಳಿ ಅಂಗಿ ಹೇಗಾಗುತ್ತದೆ ಅಂತ ಅಲ್ಲಿನ ಹೆಣ್ಣುಮಕ್ಕಳನ್ನು ಕೇಳಿ.

ಇನ್ನು ಸೋಲಾರ್. ನಮ್ಮ ಭಾಗದಲ್ಲಿ ಒಂದು ಮೆಗಾವ್ಯಾಟ್ ಸೋಲಾರ್ ದಿನಕ್ಕೆ ಸುಮಾರು ನಾಲ್ಕೂವರೆ ಸಾವಿರ ಯೂನಿಟ್ (ಬಿಲ್ಲಿನಲ್ಲಿ ಎಣಿಸುವ ಯೂನಿಟ್) ಕೊಡುತ್ತದೆ. ಆ ಒಂದು ಥರ್ಮಲ್ ಯೂನಿಟ್ಟಿನ ದಿನದ ಉತ್ಪಾದನೆಗೆ ಸರಿಸಮ ಆಗಬೇಕಾದರೆ 1100 ಮೆಗಾವ್ಯಾಟ್ ಬೇಕು, ಅದಕ್ಕೆ ನಾಲ್ಕೂವರೆ-ಐದು ಸಾವಿರ ಎಕರೆ. ಅಷ್ಟು ಹಾಕಿದರೂ ಸಂಜೆ ಆರೂವರೆಗೆ ಅದು ಸೊನ್ನೆ. ನಾವು ಲೈಟ್ ಹಾಕುವುದು, ಟಿವಿ ಹಚ್ಚುವುದು, ಮಕ್ಕಳು ಓದಲು ಕೂರುವುದು, ಕೂಲರ್ ತಿರುಗಿಸುವುದು ಆವಾಗಲೇ ಅಲ್ವಾ?

ಹಾಗಾಗಿ ಹಳೇ ಬಾಯ್ಲರ್‌ಗಳನ್ನು ದಿನಾ ಇಳಿಸಿ ಏರಿಸಿ ಮಾಡುತ್ತಿದ್ದೇವೆ. ಇವು ಒಂದೇ ಸಮ ಓಡಲು ಕಟ್ಟಿದ ಯಂತ್ರಗಳು. ದಿನಾ ಕಾದು ದಿನಾ ಆರಿದರೆ ಪೈಪುಗಳು ಹಿಗ್ಗಿ ಕುಗ್ಗಿ ಒಂದು ದಿನ ಸೀಳು ಬಿಡುತ್ತವೆ. ಲೋಡ್ ತೀರಾ ಇಳಿದರೆ ಒಲೆಯ ಬೆಂಕಿ ನಿಲ್ಲುವುದಿಲ್ಲ, ಎಣ್ಣೆ ಸುರಿದು ಉರಿಸಬೇಕು. ಕಲ್ಲಿದ್ದಲು ಉಳಿಸಲು ಹೋಗಿ ಎಣ್ಣೆ ಸುಟ್ಟ ಹಾಗಾಗುತ್ತದೆ. ಸೋಲಾರ್ ಬೇಡ ಅಂತ ನಾನು ಇದನ್ನು ಹೇಳುತ್ತಿಲ್ಲ. ಸೋಲಾರ್ ಬಂದ ಮೇಲೆ ನಮ್ಮ ಉಳಿದ ರೂಢಿಗಳೂ ಬದಲಾಗಬೇಕು ಅಂತ ಹೇಳುತ್ತಿದ್ದೇನೆ.

ಸಿಂಧನೂರಿನ ಒಂದು ರೈಸ್ ಮಿಲ್ಲಿನ ಉದಾಹರಣೆ ಕೊಡುತ್ತೇನೆ. ಮಾಲೀಕರು ಬಿಲ್ಲು ಮುಂದಿಟ್ಟು "ಸಾರ್, ಮೊದಲಿನಷ್ಟೇ ಅಕ್ಕಿ ಮಾಡ್ತೀವ್ರಿ, ಬಿಲ್ ಯಾಕ ಜಾಸ್ತಿ ಬರ್ತದ?" ಅಂದರು. ಎರಡು ದಿನ ಮೀಟರ್ ಹಾಕಿ ಕೂತು ನೋಡಿದೆ. ಬೆಳಗ್ಗೆ ಭತ್ತ ಇಳಿಸುವುದು, ಕುದಿಸುವುದು, ಒಣಗಿಸುವುದು. ಹೊಟ್ಟು ಬಿಡಿಸುವ ಹಲ್ಲರ್, ಅಕ್ಕಿಗೆ ಹೊಳಪು ಕೊಡುವ ಪಾಲಿಶರ್ ಶುರುವಾಗುವುದು ಸಂಜೆ ಐದಕ್ಕೆ. ದೊಡ್ಡ ದೊಡ್ಡ ಮೋಟರ್‌ಗಳೆಲ್ಲ ಸರಿಯಾಗಿ ಸಂಜೆ ಆರರಿಂದ ಹತ್ತರವರೆಗೆ ಓಡುತ್ತಿದ್ದವು. ಹೈ ಟೆನ್ಷನ್ ಗ್ರಾಹಕರಿಗೆ (ದೊಡ್ಡ ಲೈನಿನಿಂದ ಕರೆಂಟ್ ಪಡೆಯುವ ಇಂಥ ಮಿಲ್ಲು, ಫ್ಯಾಕ್ಟರಿಗಳಿಗೆ) ಕರೆಂಟಿನ ದರ ತುಟ್ಟಿ ಇರುವುದು ಇದೇ ಹೊತ್ತಿನಲ್ಲಿ. ಯಾಕೆ ಹೀಗೆ ಅಂತ ಕೇಳಿದರೆ, ಅವರ ತಂದೆ ಕಾಲದಿಂದ ಹಾಗೇ ನಡೆದು ಬಂದಿದೆ. ಆಗ ಹಗಲು ಲೋಡ್‌ಶೆಡ್ಡಿಂಗ್ ಇತ್ತು, ರಾತ್ರಿ ಕರೆಂಟ್ ಇರುತ್ತಿತ್ತು. ಆ ಕಾಲ ಹೋಯಿತು, ರೂಢಿ ಮಾತ್ರ ಉಳಿಯಿತು.

ಒಣಗಿದ ಭತ್ತವನ್ನು ರಾತ್ರಿ ಬಿನ್‌ನಲ್ಲಿ ಇಟ್ಟು ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹಲ್ಲರ್‌ಗೆ ಬಿಡಿ ಅಂದೆ. ಒಂದು ಬಿನ್ ಜಾಸ್ತಿ ಕಟ್ಟಬೇಕಾಯಿತು, ಹಮಾಲರ ಜೊತೆ ಪಾಳಿ ಬದಲಿಸುವ ಮಾತಾಡಬೇಕಾಯಿತು. ಮೊದಲು ಅವರಿಗೂ ಸಮಾಧಾನ ಇರಲಿಲ್ಲ, ಯಾಕಂದ್ರೆ ಹಗಲು ಶೆಡ್ಡಿನೊಳಗಿನ ಸೆಕೆ ಸಣ್ಣದಲ್ಲ. ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಮಧ್ಯಾಹ್ನ ಎರಡು ಗಂಟೆ ಬಿಡುವು ಕೊಟ್ಟ ಮೇಲೆ ಒಪ್ಪಿದರು. ಆಮೇಲೆ ಶೆಡ್ಡಿನ ಮೇಲೆ ಪ್ಯಾನಲ್ ಕೂರಿಸಿದೆವು. ಹಗಲು ಅಲ್ಲೇ ಹುಟ್ಟಿದ ಕರೆಂಟ್ ಹಗಲೇ ಅಲ್ಲೇ ಖರ್ಚಾಗುತ್ತದೆ. ಬ್ಯಾಟರಿ ಬೇಕಿಲ್ಲ, ಹೊಸ ಲೈನ್ ಎಳೆಯಬೇಕಿಲ್ಲ. ಇದಕ್ಕಿಂತ ಅಗ್ಗದ ಶುದ್ಧ ಕರೆಂಟ್ ನನಗೆ ಗೊತ್ತಿಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿದೆ. ಸೂರ್ಯನ ಹೊತ್ತಿನಲ್ಲಿ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು, ಸಂಜೆಯ ಪೀಕ್ ಹೊತ್ತಿನಲ್ಲಿ ಜಾಸ್ತಿ ಇರಬೇಕು ಅಂತ. ಅದನ್ನು ಹೇಗೆ ಜಾರಿ ಮಾಡಬೇಕು ಅನ್ನುವುದು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಕೈಯಲ್ಲಿದೆ. ನನ್ನ ಪ್ರಕಾರ ನಮ್ಮಂಥ ಜಿಲ್ಲೆಗೆ ಯಾವ ಸಬ್ಸಿಡಿಗಿಂತಲೂ ಇದು ಜಾಸ್ತಿ ಕೆಲಸ ಮಾಡುತ್ತದೆ. ಮಿಲ್ಲು, ಜಿನ್ನಿಂಗ್, ಕೋಲ್ಡ್ ಸ್ಟೋರೇಜ್ ನಡೆಸುವವರು ಈ ತಿಂಗಳ ಬಿಲ್ಲು ತೆಗೆದು ಯಾವ ಹೊತ್ತಿಗೆ ಎಷ್ಟು ಯೂನಿಟ್ ಅಂತ ಒಮ್ಮೆ ಓದಿ. ಎಷ್ಟೋ ಮಂದಿ ಕಟ್ಟಬೇಕಾದ ಮೊತ್ತ ಮಾತ್ರ ನೋಡಿ ಮಡಚಿ ಇಡುತ್ತಾರೆ.

ಪಂಪ್‌ಸೆಟ್ ವಿಷಯಕ್ಕೆ ಬರೋಣ, ಯಾಕಂದ್ರೆ ಇಲ್ಲಿ ನೋವು ಜಾಸ್ತಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ಕರೆಂಟ್ ಉಚಿತ. ಆದರೆ ತ್ರೀ ಫೇಸ್ ಬರುವುದು ಕೆಲವೇ ತಾಸು, ಅದರಲ್ಲೂ ಎಷ್ಟೋ ಕಡೆ ರಾತ್ರಿ ಪಾಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ಮಾನ್ವಿ ಕಡೆ, ಕಾಲುವೆ ನೀರು ಮುಟ್ಟದ ಹೊಲದವರು ಹಳ್ಳಕ್ಕೆ ಮೋಟರ್ ಇಟ್ಟಿರುತ್ತಾರೆ. ರಾತ್ರಿ ಒಂದಕ್ಕೆ ಎದ್ದು, ಟಾರ್ಚ್ ಹಿಡಿದು, ಕೆಸರಿನ ಬದುವಿನ ಮೇಲೆ ನಡೆದು ಹೋಗಿ ಸ್ಟಾರ್ಟರ್ ಒತ್ತಬೇಕು. ಹಾವಿನ ಭಯ ಒಂದು, ಒದ್ದೆ ಕೈಯಲ್ಲಿ ಶಾಕ್ ಹೊಡೆಯುವ ಭಯ ಇನ್ನೊಂದು. ಎಲ್ಲರೂ ಒಟ್ಟಿಗೆ ಮೋಟರ್ ಹಚ್ಚುವುದರಿಂದ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಭಾರ ಬಿದ್ದು ವೋಲ್ಟೇಜ್ ಇಳಿಯುತ್ತದೆ, ಮೋಟರ್ ಸುಡುತ್ತದೆ. ಒಮ್ಮೆ ವೈಂಡಿಂಗ್ ಮಾಡಿಸಲು ಎಷ್ಟು ಸಾವಿರ ಹೋಗುತ್ತದೆ ಅಂತ ರೈತರಿಗೆ ಗೊತ್ತು. ಕರೆಂಟ್ ಉಚಿತ, ಆದರೆ ಅದರ ಬೆಲೆಯನ್ನು ರೈತ ಹೀಗೆ ಕಟ್ಟುತ್ತಿದ್ದಾನೆ.

ಸೋಲಾರ್‌ನಿಂದ ನಿಜವಾಗಿ ಬದುಕು ಬದಲಾಗುವ ಜಾಗ ಇದು. ರೈತರ ಸೋಲಾರ್‌ಗಾಗಿ ಇರುವ ಕೇಂದ್ರದ ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ, ಪಂಪ್‌ಸೆಟ್ ಫೀಡರ್‌ಗೆ (ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ) ಹಗಲು ಕರೆಂಟ್ ಕೊಡಬಹುದು. ರೈತ ತನ್ನ ಹೊಲದಲ್ಲಿ ಪ್ಯಾನಲ್ ಹಾಕಬೇಕಿಲ್ಲ, ಕಾಯಬೇಕಿಲ್ಲ. ಬೆಳಕಿದ್ದಾಗ ನೀರು ಬಿಟ್ಟು ರಾತ್ರಿ ಮನೆಯಲ್ಲಿ ಮಲಗಬಹುದು. ಒಂದು ಎಚ್ಚರ ಮಾತ್ರ ಇರಲಿ. ಕುಷ್ಟಗಿ, ಯಲಬುರ್ಗಾ ಕಡೆ ಎಲ್ಲಾ ಬೋರ್‌ವೆಲ್ ಮೇಲೆ ನಿಂತಿದೆ. ಹಗಲಿಡೀ ಕರೆಂಟ್ ಇದೆ ಅಂತ ಮೋಟರ್ ಬಿಟ್ಟೇ ಇಟ್ಟರೆ ನೆಲದೊಳಗೆ ನೀರು ಉಳಿಯುವುದಿಲ್ಲ. ಅಲ್ಲಿ ಡ್ರಿಪ್ ಮತ್ತು ಸೋಲಾರ್ ಜೊತೆಯಾಗಿಯೇ ಬರಬೇಕು.

ಮನೆ ಮೇಲಿನ ಸೋಲಾರ್ ಬಗ್ಗೆ ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಕರೆಂಟ್ ಹೋದ್ರ ಇದೂ ಬಂದ್ ಆಗ್ತದಲ್ರಿ, ಬಿಸಿಲು ಇಷ್ಟು ಅದ, ಯಾಕ?" ಹಾಕಿಸುವ ಮೊದಲು ಇದನ್ನು ಯಾರೂ ಹೇಳಿರುವುದಿಲ್ಲ. ಮಾಮೂಲಿ ಆನ್‌ಗ್ರಿಡ್ (ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ) ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ತಾನೂ ನಿಲ್ಲುತ್ತದೆ, ನಿಲ್ಲಲೇಬೇಕು. ಲೈನ್‌ಮನ್ ಲೈನ್ ಆಫ್ ಮಾಡಿ ಕಂಬ ಹತ್ತಿರುತ್ತಾನೆ. ನಿಮ್ಮ ಮಾಳಿಗೆಯಿಂದ ಕರೆಂಟ್ ಹಿಂದಕ್ಕೆ ಹೋದರೆ ಅವನ ಜೀವಕ್ಕೆ ಅಪಾಯ. ಕರೆಂಟ್ ಹೋದಾಗಲೂ ಬೇಕು ಅಂದ್ರೆ ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಬೇಕು, ಅದಕ್ಕೆ ಖರ್ಚು ಜಾಸ್ತಿ.

ಬಿಸಿಲು ಜಾಸ್ತಿ ಇದ್ದಷ್ಟು ಕರೆಂಟ್ ಜಾಸ್ತಿ ಅನ್ನುವುದೂ ಪೂರ್ತಿ ನಿಜವಲ್ಲ. ಪ್ಯಾನಲ್‌ಗೆ ಬೇಕಾದ್ದು ಬೆಳಕು, ಶಾಖ ಅಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಪ್ಯಾನಲ್ 65 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.35ರಷ್ಟು ಕಮ್ಮಿಯಾಗುತ್ತಾ ಹೋಗುತ್ತದೆ. ಒಟ್ಟು ಶೇ. 14ರಷ್ಟು ಹೋಯಿತು. ಅದಕ್ಕೇ ಪ್ಯಾನಲ್ಲನ್ನು ತಗಡಿಗೆ ಅಂಟಿಸಿದಂತೆ ಕೂರಿಸಬಾರದು, ಕೆಳಗೆ ಗಾಳಿ ಆಡಬೇಕು.

ಆಮೇಲೆ ಧೂಳು. ಆ ಸಿಂಧನೂರಿನ ಮಿಲ್ಲಿನಲ್ಲಿ ಮೂರು ತಿಂಗಳಿಗೇ ಕರೆಂಟ್ ಕಮ್ಮಿ ಅಂತ ಕರೆದರು. ಮೇಲೆ ಹತ್ತಿ ಪ್ಯಾನಲ್ ಮೇಲೆ ಬೆರಳು ಎಳೆದೆ. ಬೆರಳ ತುದಿ ಕಪ್ಪಗಾಯಿತು, ಎಳೆದ ಗೆರೆಯೊಳಗೆ ಗಾಜು ಫಳ ಫಳ. ಬಾಯ್ಲರ್ ಚಿಮಣಿಯಿಂದ ಹಾರಿದ ಹೊಟ್ಟಿನ ಬೂದಿ ಇಬ್ಬನಿಯಲ್ಲಿ ನೆಂದು, ಒಣಗಿ, ಪದರು ಕಟ್ಟಿತ್ತು. ಹುಡುಗ ಒಣ ಬಟ್ಟೆ ತಂದು ಉಜ್ಜಲು ಹೊರಟ, ತಡೆದೆ. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ತುಂಬಾ ಇರುತ್ತದೆ, ಒಣಗಿದ್ದಾಗ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಮೊದಲು ನೀರು ಬಿಟ್ಟು ನೆನೆಸಬೇಕು, ಅದೂ ಸೂರ್ಯ ಏರುವ ಮೊದಲು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ನಮ್ಮ ಬೋರ್ ನೀರು ಗಡಸು, ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಅದು ಬೂದಿಗಿಂತ ಹಟಮಾರಿ. ರಬ್ಬರ್ ವೈಪರ್‌ನಿಂದ ಎಳೆದು ತೆಗೆಯಬೇಕು.

ನನ್ನ ಮನೆಯ ಮೇಲೆ ಮೊದಲ ಸಲ ಹಾಕಿಸಿದಾಗ ಬೇರೆಯೇ ಪಾಠ ಆಯಿತು. ಹಾಕಿದವರು ಕಡಿಮೆ ರೇಟ್ ಹೇಳಿದ್ದರು. ಕಾಲುಗಳಿಗೆ ತೆಳು ಕಬ್ಬಿಣ, ಮಾಳಿಗೆಗೆ ಸರಿಯಾಗಿ ಬೋಲ್ಟ್ ಕೂಡ ಹಾಕಿರಲಿಲ್ಲ. ಮೇ ತಿಂಗಳ ಒಂದು ಸಂಜೆ ಬಿರುಗಾಳಿ ಎದ್ದು ಎರಡು ಪ್ಯಾನಲ್ ಕಿತ್ತು ಪಕ್ಕದ ಓಣಿಗೆ ಹೋಗಿ ಬಿದ್ದವು. ಐದು ನಿಮಿಷ ಮುಂಚೆ ಅಲ್ಲಿ ಮಕ್ಕಳು ಆಡುತ್ತಿದ್ದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಯಾರೇ ಕೇಳಿದರೂ ಪ್ಯಾನಲ್ ಯಾವ ಕಂಪನಿಯದು ಅನ್ನುವುದಕ್ಕಿಂತ ಮೊದಲು ಅದರ ಕಾಲು ನೋಡಿ ಅನ್ನುತ್ತೇನೆ.

ಸಬ್ಸಿಡಿ ವಿಷಯ ಹೆಚ್ಚು ಬೆಳೆಸುವುದಿಲ್ಲ. 2024ರಲ್ಲಿ ಬಂದ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಿಗುತ್ತದೆ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಯವರು ಕೈಯಿಂದ ಹಣ ಹಾಕಿ ಯಾಕೆ ಹಾಕಿಸುತ್ತಾರೆ? ಅವರನ್ನು ದೂರಿ ಪ್ರಯೋಜನ ಇಲ್ಲ. ಮಿಲ್ಲು, ಶಾಲೆ, ಆಸ್ಪತ್ರೆ, ಎಪಿಎಂಸಿ ಗೋದಾಮು, ಹೀಗೆ ಹಗಲು ಕೆಲಸ ನಡೆಯುವ ಮಾಳಿಗೆಗಳು ಮೊದಲಾಗಲಿ.

ಸಂಜೆಯ ಪ್ರಶ್ನೆ ಇನ್ನೂ ಉಳಿಯಿತು. ಬ್ಯಾಟರಿ ಅಗ್ಗವಾಗುತ್ತಿದೆ, ನಾಲ್ಕು ತಾಸಿಗೆ ಅದು ಸಾಕಾಗುವ ದಿನ ಬರುತ್ತದೆ. ಅದರ ಜೊತೆಗೆ ನಮ್ಮ ಹತ್ತಿರ ಎರಡು ಆಸ್ತಿ ಇವೆ. ಒಂದು ಕೊಪ್ಪಳ ಕಡೆಯ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು ಸೋಲಾರ್ ಸೊರಗುವ ಹೊತ್ತಿಗೇ ಅಲ್ಲಿ ಫ್ಯಾನುಗಳು ರಾತ್ರಿ ಕೂಡ ತಿರುಗುತ್ತವೆ. ಇನ್ನೊಂದು ಭತ್ತದ ಹೊಟ್ಟು. ನೂರು ಕೆಜಿ ಭತ್ತಕ್ಕೆ ಸುಮಾರು ಇಪ್ಪತ್ತು ಕೆಜಿ ಹೊಟ್ಟು ಬರುತ್ತದೆ. ಕೆಜಿಗೆ ಅದು ಕೊಡುವ ಶಾಖ ಮೂರು ಸಾವಿರ ಕಿಲೋಕ್ಯಾಲರಿ ದಾಟುತ್ತದೆ. ಇಲ್ಲಿ ಸುಡುವ ಕಲ್ಲಿದ್ದಲಿಗಿಂತ ತೀರಾ ಹಿಂದೇನಿಲ್ಲ. ಸೂರ್ಯನ ಹಾಗೆ ಅಲ್ಲ ಇದು, ರಾಶಿ ಹಾಕಿಟ್ಟು ಸಂಜೆ ಆರಕ್ಕೆ ಬೇಕಾದಾಗ ಉರಿಸಬಹುದು. ದೊಡ್ಡ ಮಿಲ್ಲುಗಳು ಬಾಯ್ಲರ್ ಜೊತೆ ಸಣ್ಣ ಟರ್ಬೈನ್ ಇಡುವುದನ್ನು ಗಂಭೀರವಾಗಿ ಯೋಚಿಸಬೇಕು. ಹತ್ತಿ ಕಟ್ಟಿಗೆಯೂ ಇದೆ, ಆದರೆ ಹೊಲದಿಂದ ಹೊತ್ತು ತರುವ ಖರ್ಚೇ ಅದನ್ನು ತಿಂದು ಹಾಕುತ್ತದೆ. ಊರ ಹತ್ತಿರವೇ ಕತ್ತರಿಸಿ ಪೆಲೆಟ್ (ಒತ್ತಿ ಮಾಡಿದ ಉರುವಲು ತುಂಡು) ಮಾಡುವ ಯಂತ್ರ ಬಂದರೆ, ಬೇಸಿಗೆಯಲ್ಲಿ ಹೊಲದಲ್ಲೇ ಬೆಂಕಿ ಇಡುವುದು ತಪ್ಪುತ್ತದೆ.

ಜಮೀನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾವಗಡದಲ್ಲಿ 2050 ಮೆಗಾವ್ಯಾಟ್‌ಗೆ ಸುಮಾರು 13,000 ಎಕರೆಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಜಮೀನು ಇದ್ದವರಿಗೆ ಬರಗಾಲದಲ್ಲೂ ಆದಾಯ ಬಂತು. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಇಲ್ಲ. ನಮ್ಮಲ್ಲಿ ಲಿಂಗಸುಗೂರು, ದೇವದುರ್ಗ ಕಡೆ ಸೋಲಾರ್ ಬರುವಾಗ ಮೊದಲ ದಿನವೇ ಅವರ ಹೆಸರೂ ಪಟ್ಟಿಯಲ್ಲಿ ಇರಬೇಕು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವವರು ಥರ್ಮಲ್‌ನ ಗುತ್ತಿಗೆ ಕಾರ್ಮಿಕರು. ವ್ಯಾಗನ್ ಖಾಲಿ ಮಾಡುವವರು, ಬೂದಿ ಲೈನ್ ನೋಡುವವರು, ಗೇಟಿನ ಹೊರಗೆ ಚಹಾ ಮಾರುವವರು. ಪರ್ಮನೆಂಟ್ ನೌಕರರಿಗೆ ಬೇರೆ ಕಡೆ ವರ್ಗ ಆಗುತ್ತದೆ, ಇವರಿಗೆ ಆಗುವುದಿಲ್ಲ. ಹಳೇ ಯೂನಿಟ್ ಯಾವತ್ತು ನಿಲ್ಲುತ್ತದೆ ಅಂತ ಇವರಿಗೆ ಐದು ವರ್ಷ ಮುಂಚೆಯೇ ಹೇಳಬೇಕು, ನಿಂತ ಮರುದಿನ ಅಲ್ಲ. ಇವರ ಕೈಯಲ್ಲಿ ಕಸುಬು ಇದೆ. ಬೇರಿಂಗ್ ಸದ್ದು ಕೇಳಿ ಯಾವುದು ಹೋಗಿದೆ ಅಂತ ಹೇಳುವವನಿಗೆ ಗಾಳಿ ಫ್ಯಾನಿನ ಗೇರ್‌ಬಾಕ್ಸ್ ಕಲಿಸುವುದು ಕಷ್ಟವಲ್ಲ.

ನನ್ನ ಜೊತೆ ಶಿಫ್ಟಿನಲ್ಲಿದ್ದ ಒಬ್ಬ ಹುಡುಗ, ಬೂದಿ ಪಂಪ್ ನೋಡಿಕೊಳ್ಳುತ್ತಿದ್ದವನು, ಈಗ ರಜೆ ಇದ್ದಾಗ ಭಾನುವಾರ ನಮ್ಮ ಮನೆಗೆ ಬರುತ್ತಾನೆ. ಮಾಳಿಗೆ ಮೇಲೆ ಕೂತು ಕ್ಲ್ಯಾಂಪ್ ಮೀಟರ್ ಹಿಡಿಯುವುದು, ಡಿಸಿ ಕೇಬಲ್‌ನ ಕನೆಕ್ಟರ್ ಬಿಗಿಯುವುದು ಕಲಿಯುತ್ತಿದ್ದಾನೆ. ಹೋದ ವಾರ ಒಂದು ಸಾಲಿನಲ್ಲಿ ಕರೆಂಟ್ ಕಮ್ಮಿ ಬರುತ್ತಿತ್ತು. ನಾನು ಧೂಳು ಅಂದುಕೊಂಡಿದ್ದೆ. ಅವನು ಒಂದೊಂದೇ ಕನೆಕ್ಟರ್ ಮುಟ್ಟಿ ನೋಡಿ, ನಾಲ್ಕನೆಯದರ ಹತ್ತಿರ ನಿಂತು, "ಸಾರ್, ಇದು ಬಿಸಿ ಆಗ್ಯದ" ಅಂದ. ಬಿಚ್ಚಿ ನೋಡಿದೆವು. ಒಳಗೆ ಪಿನ್ ಕಪ್ಪಾಗಿತ್ತು.